ದಾನಿಯ ರಕ್ತನಾಳ ಮತ್ತು ಯಕೃತ್ತಿನ ಕಸಿ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಯಕೃತ್ತಿನ ಕಸಿ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಬೆಳಗ್ಗಿನಿಂದ ಈ ವೇದಿಕೆಯಲ್ಲಿ ‘ದಾನಿ’ ಎಂಬ ಮಾತು ಹಲವು ಸಲ ಕೇಳಿಬಂತು. ನಮ್ಮ ಆಸ್ಪತ್ರೆಯಲ್ಲೂ ದಿನಕ್ಕೆ ಹತ್ತಾರು ಸಲ ಅದೇ ಮಾತು ಆಡುತ್ತೇವೆ. ಆದರೆ ನಮ್ಮಲ್ಲಿ ದಾನಿ ಎಂದರೆ ಹಣ ಕೊಡುವವರಲ್ಲ. ಸಾಯುತ್ತಿರುವ ಗಂಡನಿಗೋ ಅಣ್ಣನಿಗೋ ಮಗುವಿಗೋ ತನ್ನ ಯಕೃತ್ತಿನ, ಅಂದರೆ ಲಿವರಿನ, ಒಂದು ಭಾಗ ಕೊಡುವವರು. ಇವತ್ತು ನಾವು ಮಾತಾಡುವುದು ಆ ದಾನಿಯ ಬಗ್ಗೆ. ಹಣ ಕೊಡುವ ದಾನಿಗಳಲ್ಲಿ ಒಂದು ಕೋರಿಕೆಯೂ ಇದೆ, ಅದನ್ನು ಕೊನೆಗೆ ಹೇಳುತ್ತೇವೆ.

ಕಾರ್ಯದರ್ಶಿಯವರು ನಮಗೆ ಕೊಟ್ಟ ವಿಷಯ ‘ಅಂಗಾಂಗ ದಾನದ ಮಹತ್ವ’. ಅದರ ಬಗ್ಗೆ ಭಾಷಣಗಳು ಬೇಕಾದಷ್ಟು ಆಗಿವೆ. ಹಾಗಾಗಿ ಅದರೊಳಗಿನ ಒಂದು ಸಣ್ಣ ಸಂಗತಿಯನ್ನು ಮಾತ್ರ ಎತ್ತಿಕೊಂಡಿದ್ದೇವೆ. ಯಕೃತ್ತಿಗೆ ಶುದ್ಧ ರಕ್ತ ತರುವ ಅಪಧಮನಿ ಒಬ್ಬೊಬ್ಬರಲ್ಲಿ ಒಂದೊಂದು ದಾರಿಯಲ್ಲಿ ಬರುತ್ತದೆ. ಆ ದಾರಿ ಯಾವುದು ಎಂಬುದರ ಮೇಲೆ ಕಸಿಯ ಫಲ ಎಷ್ಟೋ ನಿಂತಿರುತ್ತದೆ. ಕೇಳಲು ಇದು ಡಾಕ್ಟರುಗಳ ಸಭೆಗೆ ಸೇರಿದ ವಿಷಯದಂತೆ ಕಾಣಬಹುದು. ಇಲ್ಲಿ ಹೇಳಲು ಕಾರಣ ಒಂದು ಕುಟುಂಬ. ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ.

ಮೂರು ಮಕ್ಕಳ ತಂದೆ, ವಯಸ್ಸು ನಲವತ್ತರ ಆಸುಪಾಸು. ಹೆಪಟೈಟಿಸ್ ಬಿ ಸೋಂಕಿನಿಂದ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿತ್ತು. ಸಿರೋಸಿಸ್ ಎಂದರೆ ಕುಡಿತ ಎಂದೇ ಜನ ತಿಳಿಯುತ್ತಾರೆ. ಇವರು ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ, ಆದರೂ ಆ ಅಪವಾದವನ್ನೂ ಹೊತ್ತಿದ್ದರು. ಕೊಲ್ಲಿಯಲ್ಲಿ ಕೆಲಸಕ್ಕಿದ್ದ ತಮ್ಮ ರಜೆ ಹಾಕಿ ಬಂದು ‘ನನ್ನದು ತೆಗೆದುಕೊಳ್ಳಿ’ ಎಂದರು. ರಕ್ತದ ಗುಂಪು ಹೊಂದಿತು, ಉಳಿದ ಪರೀಕ್ಷೆಗಳೂ ಸರಿಯಾಗಿದ್ದವು. ಕೊನೆಗೆ ರಕ್ತನಾಳಗಳ ಸಿ.ಟಿ. ಆಂಜಿಯೋಗ್ರಾಂ ಮಾಡಿ ನೋಡಿದ ಮೇಲೆ ನಾವು ಬೇಡ ಎಂದೆವು. ಮನೆಯಲ್ಲಿ ಗುಸುಗುಸು ಶುರುವಾಯಿತು: ‘ಆಳು ಗಟ್ಟಿಮುಟ್ಟಾಗಿದ್ದಾನೆ, ಏನು ರೋಗ ಅವನಿಗೆ? ಕೆಲಸ ಹೋಗುತ್ತದೆಂದು ಡಾಕ್ಟರ ಬಾಯಲ್ಲಿ ಹೇಳಿಸಿದ್ದಾನೆ.’ ತಮ್ಮ ಅಣ್ಣನ ಮನೆಗೆ ಬರುವುದನ್ನೇ ಬಿಟ್ಟರು.

ಆಮೇಲೆ ಹೆಂಡತಿ ಬಂದರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೊನೆಗೆ ಮುಂದೆ ಬರುವವರು ಹೆಂಡತಿ, ಇಲ್ಲವೇ ತಾಯಿ. ಅವರ ಸಿ.ಟಿ. ವರದಿಯಲ್ಲೂ ‘ಅಪಧಮನಿಯ ರಚನೆಯಲ್ಲಿ ವ್ಯತ್ಯಾಸ’ ಎಂದು ಬರೆದಿತ್ತು. ಅದನ್ನು ಓದಿಸಿಕೊಂಡು ಬಂದ ಆ ಹೆಣ್ಣುಮಗಳು ನಮ್ಮ ಮುಂದೆ ಕುಳಿತು, ‘ನನ್ನದೂ ಸರಿ ಇಲ್ಲವಾ ಡಾಕ್ಟ್ರೇ?’ ಎಂದು ಕೇಳಿದರು.

ಅವರಿಗೆ ಹೇಳಿದ ಉತ್ತರ ನಿಮಗೂ ತಿಳಿಯಬೇಕಾದರೆ ಒಂದಿಷ್ಟು ಶರೀರಶಾಸ್ತ್ರ ಬೇಕು. ನಮ್ಮಲ್ಲಿ ಬಹಳ ಜನರಿಗೆ ಅಡಿಕೆ ತೋಟ ಗೊತ್ತಿರುವುದರಿಂದ ತೋಟದ ಪೈಪಿನ ಲೆಕ್ಕದಲ್ಲೇ ಹೇಳುತ್ತೇವೆ.

ಯಕೃತ್ತಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ ಮೂಲಕ, ಉಳಿದ ಕಾಲು ಪಾಲು ಅಪಧಮನಿಯ ಮೂಲಕ. ಕಾಲು ಪಾಲು ತಾನೇ ಎಂದು ಅಪಧಮನಿಯನ್ನು ಕಡೆಗಣಿಸುವಂತಿಲ್ಲ. ಯಕೃತ್ತಿನ ಒಳಗೆ ಹರಡಿರುವ ಪಿತ್ತನಾಳಗಳು ಬದುಕುವುದು ಈ ಅಪಧಮನಿಯ ರಕ್ತದಿಂದಲೇ. ಕಸಿ ಮಾಡಿದ ಯಕೃತ್ತಿನಲ್ಲಿ ಇದು ಮುಚ್ಚಿಕೊಂಡರೆ ಪಿತ್ತನಾಳ ಕೊಳೆಯುತ್ತದೆ, ಕೀವು ತುಂಬುತ್ತದೆ, ಹಲವು ಸಲ ಯಕೃತ್ತೇ ಹೋಗುತ್ತದೆ. ನಮ್ಮದೇ ಯಕೃತ್ತಾದರೆ ಅಕ್ಕಪಕ್ಕದ ಸಣ್ಣ ನಾಳಗಳು ಸ್ವಲ್ಪ ಆಸರೆ ಕೊಟ್ಟಾವು. ಕಸಿ ಮಾಡುವಾಗ ಅವೆಲ್ಲ ಕಡಿದುಹೋಗಿರುತ್ತವೆ. ನಾವು ಹೊಲಿದ ಆ ಒಂದು ನಾಳವೇ ಗತಿ.

ಪುಸ್ತಕದಲ್ಲಿರುವ ಚಿತ್ರ ಹೀಗಿದೆ. ಹೃದಯದಿಂದ ಕೆಳಗಿಳಿಯುವ ಮಹಾಪಧಮನಿಯಿಂದ ಒಂದು ಗಿಡ್ಡ ಕಾಂಡ ಹುಟ್ಟುತ್ತದೆ. ಅದರ ಒಂದು ಕೊಂಬೆ ಹೊಟ್ಟೆಗೆ, ಒಂದು ಗುಲ್ಮಕ್ಕೆ, ಒಂದು ಯಕೃತ್ತಿಗೆ. ಯಕೃತ್ತಿಗೆ ಬಂದದ್ದು ಬಲ ಮತ್ತು ಎಡ ಎಂದು ಎರಡಾಗುತ್ತದೆ. ಅಂದರೆ ಒಂದೇ ಟ್ಯಾಂಕಿನಿಂದ ಒಂದು ಪೈಪ್ ಬಂದು, ತೋಟದ ಬಾಗಿಲಲ್ಲಿ ಎರಡು ಕವಲಾದ ಹಾಗೆ.

ಆದರೆ ಎಲ್ಲರಲ್ಲೂ ಹೀಗಿರುವುದಿಲ್ಲ. ಮಗು ಗರ್ಭದಲ್ಲಿದ್ದಾಗ ಯಕೃತ್ತಿಗೆ ಮೂರು ಕಡೆಯಿಂದ ರಕ್ತ ಬರುತ್ತಿರುತ್ತದೆ: ಹೊಟ್ಟೆಯ ಎಡ ಅಪಧಮನಿಯಿಂದ ಒಂದು, ಮಧ್ಯದ್ದು ಒಂದು, ಕರುಳಿನ ದೊಡ್ಡ ಅಪಧಮನಿಯಿಂದ ಇನ್ನೊಂದು. ಬೆಳೆಯುತ್ತ ಎರಡು ಬತ್ತಿಹೋಗಿ ಮಧ್ಯದ್ದು ಉಳಿಯುವುದು ರೂಢಿ. ಕೆಲವರಲ್ಲಿ ಬತ್ತಬೇಕಾದದ್ದು ಬತ್ತುವುದಿಲ್ಲ. ಆಗ ಎಡಭಾಗಕ್ಕೆ ಹೊಟ್ಟೆಯ ಕಡೆಯಿಂದಲೋ ಬಲಭಾಗಕ್ಕೆ ಕರುಳಿನ ಕಡೆಯಿಂದಲೋ ಬೇರೆ ಪೈಪ್ ಇರುತ್ತದೆ. ಕೆಲವು ಸಲ ಅದು ಇರುವ ಪೈಪಿನ ಜೊತೆಗೆ ಹೆಚ್ಚುವರಿ. ಕೆಲವು ಸಲ ಆ ಭಾಗಕ್ಕೆ ಅದೊಂದೇ ಪೈಪ್.

ಅಮೆರಿಕದ ಶರೀರಶಾಸ್ತ್ರಜ್ಞ ನಿಕೋಲಸ್ ಮಿಶೆಲ್ಸ್ ಅವರು 200 ಶವಗಳನ್ನು ಬಿಡಿಸಿ ನೋಡಿ, 1966ರಲ್ಲಿ ಈ ದಾರಿಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. 1994ರಲ್ಲಿ ಲಾಸ್ ಏಂಜಲೀಸ್‌ನ ಕಸಿ ತಂಡ ತಾನು ತೆಗೆದ 1000 ದಾನಿ ಯಕೃತ್ತುಗಳ ಲೆಕ್ಕ ಕೊಟ್ಟಿತು. ಅದರಲ್ಲಿ 757 ಪುಸ್ತಕದ ಚಿತ್ರದಂತೆಯೇ ಇದ್ದವು. 106ರಲ್ಲಿ ಬಲಭಾಗದ ನಾಳ ಕರುಳಿನ ಅಪಧಮನಿಯಿಂದ ಬಂದಿತ್ತು, 97ರಲ್ಲಿ ಎಡಭಾಗದ್ದು ಹೊಟ್ಟೆಯ ಅಪಧಮನಿಯಿಂದ ಬಂದಿತ್ತು. 23ರಲ್ಲಿ ಎರಡೂ ಬೇರೆ. ಉಳಿದವು ಇನ್ನೂ ಅಪರೂಪದವು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು! ಈ ಸಭಾಂಗಣದಲ್ಲಿ ನಾನೂರು ಜನ ಇದ್ದರೆ ನೂರು ಜನರ ರಕ್ತನಾಳ ಪುಸ್ತಕದಂತಿಲ್ಲ. ಅವರಿಗೆ ಅದರಿಂದ ಒಂದು ದಿನವೂ ತೊಂದರೆ ಆಗಿಲ್ಲ, ಆಗುವುದೂ ಇಲ್ಲ. ಅದು ರೋಗವಲ್ಲ, ಕೊರತೆಯೂ ಅಲ್ಲ. ‘ವ್ಯತ್ಯಾಸ’ ಎಂಬ ಪದವನ್ನು ವರದಿಯಲ್ಲಿ ಬರೆಯುವಾಗ, ಓದುವವರಿಗೆ ಅದು ‘ದೋಷ’ ಎಂದು ಕೇಳಿಸುತ್ತದೆ ಎಂಬುದು ನಮ್ಮವರಿಗೆ ಹೊಳೆಯುವುದಿಲ್ಲ. ಅದು ನಮ್ಮ ತಪ್ಪು.

ಈಗ ಆ ಹೆಂಡತಿಯ ಪ್ರಶ್ನೆಗೆ ಬರೋಣ. ಅವರ ಯಕೃತ್ತಿನ ಬಲಭಾಗದ ನಾಳ ಕರುಳಿನ ಅಪಧಮನಿಯಿಂದ ಬೇರೆಯಾಗಿಯೇ ಬಂದಿತ್ತು. ವಯಸ್ಕರ ಕಸಿಗೆ ಹೆಚ್ಚಾಗಿ ನಾವು ತೆಗೆಯುವುದು ಬಲಭಾಗವನ್ನೇ. ಹಾಗೆ ಬೇರೆಯಾಗಿ ಬಂದ ನಾಳ ಉದ್ದವಾಗಿರುತ್ತದೆ, ದಪ್ಪವಾಗಿರುತ್ತದೆ. ಅದನ್ನು ತೆಗೆದರೆ ದಾನಿಯಲ್ಲಿ ಉಳಿಯುವ ಎಡಭಾಗದ ಪೈಪನ್ನು ಮುಟ್ಟಬೇಕಾಗಿಯೇ ಇಲ್ಲ. ಅಂದರೆ ಪುಸ್ತಕಕ್ಕೆ ಹೊಂದದ ಅವರ ನಾಳ ನಮ್ಮ ಕೆಲಸಕ್ಕೆ ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು. ಚಿಕ್ಕ ಮಕ್ಕಳಿಗೆ ಎಡಭಾಗದ ತುಂಡು ಸಾಕು. ಅಲ್ಲಿ ದಾನಿಯ ಎಡನಾಳ ಹೊಟ್ಟೆಯ ಕಡೆಯಿಂದ ಬಂದಿದ್ದರೆ ಅದೇ ರೀತಿ ಅನುಕೂಲ.

ತಮ್ಮನ ಕತೆ ಇದಕ್ಕೆ ವಿರುದ್ಧ. ಅವರ ನಾಳ ಹುಟ್ಟಿದ್ದು ಪುಸ್ತಕದಲ್ಲಿರುವ ಜಾಗದಲ್ಲೇ. ಆದರೆ ಬಲಭಾಗಕ್ಕೆ ಹೋಗುವಾಗ ಒಂದಾಗಿರದೆ ಎರಡು ತೆಳ್ಳನೆಯ ನಾಳಗಳಾಗಿದ್ದವು, ಒಂದೊಂದೂ ಒಂದೂವರೆ ಮಿಲಿಮೀಟರ್‌ನಷ್ಟು. ಅದಕ್ಕಿಂತ ಮುಖ್ಯ, ಅವುಗಳಲ್ಲೊಂದರಿಂದಲೇ ಹೊರಟ ಕವಲು ಉಳಿಯಬೇಕಾದ ಎಡಭಾಗದ ಒಂದು ಪಾಲಿಗೆ ರಕ್ತ ಕೊಡುತ್ತಿತ್ತು. ಆ ಎಡಭಾಗವೂ ಚಿಕ್ಕದು, ಇಡೀ ಯಕೃತ್ತಿನ ನೂರಕ್ಕೆ ಮೂವತ್ತರ ಅಂಚಿನಲ್ಲಿತ್ತು. ನಾಳ ಎರಡಿದೆ ಎಂಬ ಒಂದೇ ಕಾರಣಕ್ಕೆ ನಾವು ದಾನಿಯನ್ನು ಬಿಡುವುದಿಲ್ಲ, ಎರಡು ಕಡೆ ಹೊಲಿಯಬಹುದು. ಇಲ್ಲಿ ಎಲ್ಲ ಸೇರಿ, ಅಣ್ಣನನ್ನು ಉಳಿಸಲು ಹೋಗಿ ತಮ್ಮನನ್ನು ಅಪಾಯಕ್ಕೆ ನೂಕುವ ಸ್ಥಿತಿ ಇತ್ತು. ಬಲಭಾಗ ಕೊಡುವ ದಾನಿಗಳಲ್ಲಿ ಸಾವಿರಕ್ಕೆ ಎರಡರಿಂದ ಐದು ಮಂದಿ ಸಾಯಬಹುದು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಯಾವ ಕಾಯಿಲೆಯೂ ಇಲ್ಲದ ಮನುಷ್ಯನ ವಿಷಯದಲ್ಲಿ ಅದೂ ಹೆಚ್ಚೇ. ಅದಕ್ಕಿಂತ ಮೇಲೆ ಹೋಗಲು ನಮಗೆ ಹಕ್ಕಿಲ್ಲ.

ತಮ್ಮನ ಒಪ್ಪಿಗೆ ಪಡೆದು, ಆ ಮನೆಯ ಹಿರಿಯರನ್ನು ಕರೆಸಿ ಸಿ.ಟಿ. ಚಿತ್ರವನ್ನು ಪರದೆಯ ಮೇಲೆ ತೋರಿಸಿದೆವು. ‘ಹಾಜಿಯವರೇ, ಈ ಕವಲನ್ನು ನೋಡಿ, ಇದನ್ನು ಕಡಿದರೆ ಇಲ್ಲಿ ನೀರು ನಿಲ್ಲುತ್ತದೆ’ ಎಂದೆವು. ಅವರು ಬಹಳ ಹೊತ್ತು ನೋಡಿದರು. ‘ಪಾಪ, ಹುಡುಗನನ್ನು ನಾವು ಸುಮ್ಮನೆ ನೋಯಿಸಿದೆವು’ ಎಂದರು. ಹೆಂಡತಿಯ ಯಕೃತ್ತಿನ ಭಾಗ ಕಸಿಯಾಗುವ ದಿನ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ತಮ್ಮ ಕುಳಿತಿದ್ದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಕೊಡಲು ನಿಜವಾಗಿಯೂ ಮನಸ್ಸಿಲ್ಲದವರೂ ನಮ್ಮ ಬಳಿ ಬರುತ್ತಾರೆ, ಒಂಟಿಯಾಗಿ ಸಿಕ್ಕಾಗ ಹೇಳಿಕೊಳ್ಳುತ್ತಾರೆ. ಅವರ ಮಾತು ನಮ್ಮಲ್ಲೇ ಉಳಿಯುತ್ತದೆ. ಹೊರಗೆ ‘ಇವರು ದಾನಕ್ಕೆ ಹೊಂದುವುದಿಲ್ಲ’ ಎಂದಷ್ಟೇ ಹೇಳುತ್ತೇವೆ. ಆದ್ದರಿಂದ ಹೊಂದುವುದಿಲ್ಲ ಎಂದಾಗ ಯಾಕೆ ಎಂದು ಯಾರನ್ನೂ ಕೆದಕಬೇಡಿ. ಭಯ ಪಡುವುದು ಅಪರಾಧವಲ್ಲ.

ಇದುವರೆಗೆ ಹೇಳಿದ್ದು ಬದುಕಿರುವ ದಾನಿಯ ವಿಷಯ. ಅಲ್ಲಿ ದಾರಿ ಮೊದಲೇ ಗೊತ್ತಾಗುತ್ತದೆ. ಮೆದುಳು ನಿಷ್ಕ್ರಿಯವಾದವರಿಂದ ಯಕೃತ್ತು ತೆಗೆಯುವಾಗ ಅಷ್ಟು ವಿರಾಮ ಇರುವುದಿಲ್ಲ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ಯ ಮೂಲಕ ಕರೆ ಬರುತ್ತದೆ, ರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಓಡಬೇಕು. ಅಲ್ಲಿ ನಾಳದ ಚಿತ್ರ ಕೈಯಲ್ಲಿರುವುದಿಲ್ಲ, ಹೊಟ್ಟೆ ತೆರೆದ ಮೇಲೆ ಬೆರಳೇ ಕಣ್ಣು. ಪೋರ್ಟಲ್ ನಾಳದ ಹಿಂದೆ ಬೆರಳಿಟ್ಟು ಅಲ್ಲೊಂದು ಮಿಡಿತ ಇದೆಯೇ ಎಂದು ನೋಡುತ್ತೇವೆ. ಇದ್ದರೆ ಬಲನಾಳ ಕರುಳಿನ ಕಡೆಯದು. ಹೊಟ್ಟೆಗೂ ಯಕೃತ್ತಿಗೂ ನಡುವಿನ ತೆಳುಪೊರೆಯನ್ನು ಕತ್ತರಿಸುವ ಮೊದಲು ಅದರಲ್ಲಿ ಎಡನಾಳ ಓಡುತ್ತಿದೆಯೇ ಎಂದು ನೋಡುತ್ತೇವೆ.

ನಮ್ಮ ತಂಡದ ಆರಂಭದ ವರ್ಷಗಳಲ್ಲಿ ಒಮ್ಮೆ ನೋಡಲಿಲ್ಲ. ನಸುಕಿನ ಹೊತ್ತು, ಹೃದಯ ತೆಗೆಯುವ ಇನ್ನೊಂದು ತಂಡ ಅವಸರ ಮಾಡುತ್ತಿತ್ತು. ಇದು ಸಮಜಾಯಿಷಿ ಅಲ್ಲ, ನಡೆದದ್ದು. ಆ ಪೊರೆಯೊಂದಿಗೆ ಎಡನಾಳವೂ ಕತ್ತರಿಸಿಹೋಯಿತು. ಮಂಜುಗಡ್ಡೆಯ ಮೇಲೆ ಯಕೃತ್ತನ್ನಿಟ್ಟು ಅದನ್ನು ಹೊಲಿದು ಜೋಡಿಸಿದೆವು. ಐದನೆಯ ದಿನ ಡಾಪ್ಲರ್ ಸ್ಕ್ಯಾನಿನಲ್ಲಿ ಆ ನಾಳದಲ್ಲಿ ಹರಿವು ಕಾಣಲಿಲ್ಲ. ಮತ್ತೆ ಹೊಟ್ಟೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದು ಜೋಡಿಸಿದೆವು. ರೋಗಿ ಬದುಕಿದರು. ಆದರೆ ಎಡಗಡೆಯ ಪಿತ್ತನಾಳ ಸಂಕುಚಿತವಾಗಿ, ಮುಂದಿನ ಒಂದು ವರ್ಷ ಮತ್ತೆ ಮತ್ತೆ ಸ್ಟೆಂಟ್ ಹಾಕಿಸಿಕೊಳ್ಳಲು ಬಂದರು. ಪ್ರತಿ ಸಲವೂ ಖರ್ಚು, ಪ್ರತಿ ಸಲವೂ ಜ್ವರ. ಆ ಮನೆಯವರಿಗೆ ಕಾರಣವನ್ನು ಮುಚ್ಚಿಡಲಿಲ್ಲ, ಹೇಳಿದೆವು.

ನಾಳ ಬೇರೆ ದಾರಿಯದಾಗಿದ್ದರೆ ಕಸಿಯ ಫಲ ಕೆಡುತ್ತದೆಯೇ? ಪ್ರಕಟವಾದ ಅಧ್ಯಯನಗಳು ಎರಡು ಬಗೆಯಾಗಿ ಹೇಳುತ್ತವೆ. ಒಂದಕ್ಕಿಂತ ಹೆಚ್ಚು ಕಡೆ ಹೊಲಿಯಬೇಕಾಗಿ ಬಂದಾಗ ನಾಳ ಮುಚ್ಚಿಕೊಳ್ಳುವುದು ಹೆಚ್ಚು ಎಂದು ಕೆಲವು, ಸರಿಯಾಗಿ ಗುರುತಿಸಿ ಜೋಡಿಸಿದರೆ ವ್ಯತ್ಯಾಸವೇ ಇಲ್ಲ ಎಂದು ಹಲವು. ನಮ್ಮ ಅನುಭವಕ್ಕೆ ಎರಡನೆಯದು ಹತ್ತಿರ. ಕಾಣದೆ ಕತ್ತರಿಸಿದ ನಾಳವೇ ನಮ್ಮನ್ನು ಕಾಡಿದ್ದು, ಕಂಡು ಜೋಡಿಸಿದ್ದಲ್ಲ.

ಮುಚ್ಚಿಕೊಂಡರೆ ಮಾತ್ರ ಅದು ದೊಡ್ಡ ಆಪತ್ತು. ಜಗತ್ತಿನ ಅನೇಕ ಕೇಂದ್ರಗಳ ವರದಿಗಳನ್ನು ಒಟ್ಟುಗೂಡಿಸಿ 2009ರಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ, ಕಸಿಯಾದ ಆರಂಭದ ದಿನಗಳಲ್ಲಿ ಅಪಧಮನಿ ಮುಚ್ಚಿಕೊಂಡದ್ದು ವಯಸ್ಕರಲ್ಲಿ ನೂರಕ್ಕೆ 2.9, ಮಕ್ಕಳಲ್ಲಿ 8.3. ಹಾಗೆ ಆದವರಲ್ಲಿ ಅರ್ಧದಷ್ಟು ಜನರಿಗೆ ಮತ್ತೊಂದು ಕಸಿ ಬೇಕಾಯಿತು, ಮೂವರಲ್ಲಿ ಒಬ್ಬರು ತೀರಿಕೊಂಡರು. ಮಕ್ಕಳ ನಾಳ ಎರಡು ಮಿಲಿಮೀಟರ್ ಕೂಡ ಇರದಿರುವುದೇ ಅವರಲ್ಲಿ ಇದು ಹೆಚ್ಚಾಗಲು ಮುಖ್ಯ ಕಾರಣ. 1990ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೊದ ವೈದ್ಯರು ಬದುಕಿರುವ ದಾನಿಗಳಿಂದ ಮಾಡುವ ಕಸಿಯಲ್ಲಿ ಈ ಹೊಲಿಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹಾಕತೊಡಗಿದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿತು. ಈಗ ತಲೆಗೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತೇವೆ.

1998ರ ನವೆಂಬರಿನಲ್ಲಿ ದೆಹಲಿಯಲ್ಲಿ, ಎರಡು ವರ್ಷವೂ ತುಂಬದ, ತಮಿಳುನಾಡಿನ ಕಾಂಚೀಪುರದ ಒಂದು ಗಂಡುಮಗುವಿಗೆ ತಂದೆಯ ಯಕೃತ್ತಿನ ತುಂಡನ್ನು ಕಸಿ ಮಾಡಲಾಯಿತು. ಭಾರತದಲ್ಲಿ ಮಗುವೊಂದಕ್ಕೆ ಯಶಸ್ವಿಯಾದ ಮೊದಲ ಯಕೃತ್ ಕಸಿ ಅದು. ಆ ಮಗು ಬೆಳೆದು ಈಗ ಸ್ವತಃ ಡಾಕ್ಟರ್. ವಿದ್ಯಾರ್ಥಿವೇತನದ ಸಭೆಯಲ್ಲಿ ಇದನ್ನು ಹೇಳದೆ ಹೋಗಲು ಮನಸ್ಸಾಗಲಿಲ್ಲ.

ಮಕ್ಕಳಿಗೂ ಒಂದು ಮಾತು. ಅರ್ಜಿಗಳ ಪಟ್ಟಿಯನ್ನು ನಾವು ನೋಡಿದೆವು. ಎಂಬಿಬಿಎಸ್ ಮತ್ತು ಇಂಜಿನಿಯರಿಂಗ್ ಬಿಟ್ಟರೆ ಬೇರೆ ಕಾಣುವುದೇ ಕಡಿಮೆ. ಒಂದು ಕಸಿಯಲ್ಲಿ ಹೊಲಿಗೆ ಹಾಕುವವರು ಒಬ್ಬಿಬ್ಬರು. ಸಿ.ಟಿ.ಯಲ್ಲಿ ಬಣ್ಣದ ಔಷಧ ಅಪಧಮನಿಯಲ್ಲಿರುವ ಆ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಹಿಡಿಯುವವರು ಇಮೇಜಿಂಗ್ ಟೆಕ್ನಾಲಜಿ ಓದಿದವರು. ಅವರು ಹೊತ್ತು ತಪ್ಪಿದರೆ ನಮ್ಮ ನಕ್ಷೆಯೇ ತಪ್ಪು. ರಾತ್ರಿ ಎರಡು ಗಂಟೆಗೆ ರಕ್ತದ ವರದಿಯಲ್ಲಿ ಯಕೃತ್ತಿನ ಕಿಣ್ವಗಳು ದಿಢೀರನೆ ಏರಿದ್ದನ್ನು ಕಂಡು, ‘ಬೆಳಗ್ಗೆ ಹೇಳಿದರಾಯಿತು’ ಎನ್ನದೆ ಆಗಲೇ ಫೋನ್ ಮಾಡುವವರು ನರ್ಸ್. ಮುಚ್ಚಿದ ನಾಳವನ್ನು ಬೇಗ ಕಂಡರೆ ಯಕೃತ್ತು ಉಳಿಯಬಹುದು, ಒಂದು ದಿನ ತಡವಾದರೆ ಹೋಗಬಹುದು. ಆ ಫೋನ್ ಎಷ್ಟೋ ಸಲ ನಮ್ಮ ಹೊಲಿಗೆಗಿಂತ ದೊಡ್ಡದು. ಈ ಓದುಗಳಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ. ‘ನರ್ಸಿಂಗಾ?’ ಎಂದು ಮೂಗು ಮುರಿಯುವ ತಂದೆಯಂದಿರು ಒಂದು ರಾತ್ರಿ ನಮ್ಮ ಐಸಿಯುಗೆ ಬಂದು ನೋಡಲಿ.

ಧರ್ಮದಲ್ಲಿ ಇದಕ್ಕೆ ಅನುಮತಿ ಇದೆಯೇ ಎಂದು ಚಹಾದ ಹೊತ್ತಿನಲ್ಲಿ ಕೆಲವರು ಕೇಳಿದಿರಿ. ನಾವು ವೈದ್ಯರು, ಅದಕ್ಕೆ ಉತ್ತರಿಸಬೇಕಾದವರು ನಿಮ್ಮ ಉಲಮಾಗಳು. ನಮಗೆ ತಿಳಿದಷ್ಟು ಹೇಳಬಹುದಾದರೆ, 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅಂಗ ಕಸಿಗೆ ಒಪ್ಪಿಗೆ ಕೊಟ್ಟಿದೆ, ಅಂಗ ಮಾರಾಟವನ್ನು ನಿಷೇಧಿಸಿದೆ. ನಮ್ಮ ದೇಶದ 1994ರ ಕಾನೂನು ಕೂಡ ಮಾರಾಟವನ್ನು ಅಪರಾಧ ಎನ್ನುತ್ತದೆ.

ಈಗ ಕೋರಿಕೆ. ಟ್ರಸ್ಟಿನ ವೈದ್ಯಕೀಯ ನೆರವಿನ ಅರ್ಜಿ ನಮೂನೆಯಲ್ಲಿ ರೋಗಿಯ ಹೆಸರು, ರೋಗ, ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚ, ಇಷ್ಟಕ್ಕೆ ಜಾಗ ಇದೆ. ಅಂಗ ಕೊಡುವವರಿಗೆ ಒಂದು ಸಾಲೂ ಇಲ್ಲ. ದಾನಿಯ ಪರೀಕ್ಷೆಗಳಿಗೆ ಹಣ ಬೇಕು. ಆ ತಮ್ಮನ ಹಾಗೆ ಪರೀಕ್ಷೆಯಾಗಿ ಬೇಡವಾದವರ ಖರ್ಚನ್ನು ‘ದಂಡವಾಯಿತು’ ಎಂದು ಬರೆದುಬಿಡಬೇಡಿ, ಆ ಪರೀಕ್ಷೆ ಒಬ್ಬ ಮನುಷ್ಯನ ಜೀವ ಉಳಿಸಿದೆ. ಕೊಟ್ಟವರು ಎರಡು ಮೂರು ತಿಂಗಳು ಭಾರದ ಕೆಲಸಕ್ಕೆ ಹೋಗುವಂತಿಲ್ಲ. ಬೀಡಿ ಕಟ್ಟುವವರು, ಮೀನು ಹೊರುವವರು, ಆಟೋ ಓಡಿಸುವವರು ಆ ಮೂರು ತಿಂಗಳು ಹೇಗೆ ಉಣ್ಣಬೇಕು? ಅಂಗ ಕೊಟ್ಟದ್ದರಿಂದ ನೇರವಾಗಿ ಆದ ಖರ್ಚನ್ನೂ ಕಳೆದುಕೊಂಡ ಸಂಪಾದನೆಯನ್ನೂ ಭರ್ತಿ ಮಾಡುವುದನ್ನು ಆ ಕಾನೂನು ಮಾರಾಟದ ಹಣವೆಂದು ಎಣಿಸುವುದಿಲ್ಲ. ಲೆಕ್ಕಪತ್ರ ಸರಿಯಾಗಿಟ್ಟು, ಆಸ್ಪತ್ರೆಯ ಕಸಿ ಸಂಯೋಜಕರ ಮೂಲಕ ಕೊಡಿ. ಬಿಪಿಎಲ್ ಕುಟುಂಬಗಳಾದರೆ ಮೊದಲು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಯೋಜನೆಯಲ್ಲಿ ವಿಚಾರಿಸಿ, ಅಲ್ಲಿ ಸಾಲದೆ ಬಂದದ್ದಕ್ಕೆ ನಿಮ್ಮ ಹಣ ಬಳಸಬಹುದು. ಮೂರನೆಯದು ಕಸಿಯ ನಂತರದ ಔಷಧ ಮತ್ತು ಡಾಪ್ಲರ್. ಲಕ್ಷಗಟ್ಟಲೆ ಕೂಡಿಸಿ ಶಸ್ತ್ರಚಿಕಿತ್ಸೆ ಮಾಡಿಸಿದ ಮನೆಯವರು, ಆರನೆಯ ತಿಂಗಳಿಗೆ ಮಾತ್ರೆ ಕೊಳ್ಳಲಾಗದೆ ದಿನ ಬಿಟ್ಟು ದಿನ ನುಂಗಿದ್ದನ್ನು ನಾವು ಕಂಡಿದ್ದೇವೆ.

ಮುಂದಿನ ವರ್ಷದ ನಮೂನೆ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಕಾರ್ಯದರ್ಶಿಯವರು ತಿಳಿಸಿದ್ದಾರೆ. ಸೇರಿಸಬೇಕಾದ ಮೂರು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿದ್ದೇವೆ.